ಬದಲಾದ ನಿಯಮ ಕಂಪ್ಯೂಟರಿಗೆ ತಲುಪುವುದು ಯಾವಾಗ?

ನಿಮ್ಮ ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಕೆಲವು ಸಂಗತಿಗಳನ್ನು ನೀವು ಗಮನಿಸಿರಬಹುದು. ಪರದೆಯ ಹಿನ್ನೆಲೆ ಚಿತ್ರವನ್ನು ಬದಲಾಯಿಸಲು ಹೋದರೆ ಆಗುವುದಿಲ್ಲ. ಪೆನ್ ಡ್ರೈವ್ ಸಿಕ್ಕಿಸಿದರೆ ಅದು ತೆರೆದುಕೊಳ್ಳುವುದಿಲ್ಲ. ಕಂಟ್ರೋಲ್ ಪ್ಯಾನೆಲ್ ಒತ್ತಿದರೆ, ‘ಈ ಕಂಪ್ಯೂಟರಿನಲ್ಲಿ ಜಾರಿಯಲ್ಲಿರುವ ನಿರ್ಬಂಧಗಳಿಂದಾಗಿ ಕೆಲಸವನ್ನು ರದ್ದುಪಡಿಸಲಾಗಿದೆ’ ಎಂಬರ್ಥದ ಒಂದು ಸಣ್ಣ ಚೌಕ ಎದುರು ಬಂದು ನಿಲ್ಲುತ್ತದೆ. ಯಂತ್ರ ಕೆಟ್ಟಿದೆ ಎಂದು ನಿಮ್ಮಲ್ಲಿ ಹಲವರು ಅಂದುಕೊಂಡಿರಬಹುದು. ಯಂತ್ರ ಕೆಟ್ಟಿಲ್ಲ. ಬೇರೊಂದು ಕೋಣೆಯಲ್ಲಿ, ಕೆಲವೊಮ್ಮೆ ಬೇರೊಂದು ಊರಿನಲ್ಲಿ ಕುಳಿತ ಒಬ್ಬರು ಬರೆದಿಟ್ಟ ನಿಯಮವನ್ನು ಅದು ಪಾಲಿಸುತ್ತಿದೆ, ಅಷ್ಟೆ. ಆ ನಿಯಮವನ್ನು ಅವರು ಬದಲಾಯಿಸಿದರೆ, ಬದಲಾದದ್ದು ನಿಮ್ಮ ಮುಂದಿರುವ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ? ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ? ಕಾಯಲು ಸಮಯವಿಲ್ಲದಿದ್ದರೆ ಏನು ಮಾಡಬೇಕು? ಇಂದಿನ ಮಾತುಕತೆಯ ವಿಷಯ ಇದು. ವಿಷಯ ಚಿಕ್ಕದೆಂದು ತೋರುತ್ತದೆ. ಆದರೆ 2021ರ ಜುಲೈ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರ್ ಜಾಲಗಳನ್ನು ನೋಡಿಕೊಳ್ಳುವವರಿಗೆ ಇದೇ ಚಿಕ್ಕ ವಿಷಯ ದೊಡ್ಡ ತಲೆನೋವಾಗಿತ್ತು. ಆ ಕಥೆಗೆ ಆಮೇಲೆ ಬರುತ್ತೇನೆ.

ಒಂದು ಮನೆಯಲ್ಲಿ ಒಂದೇ ಕಂಪ್ಯೂಟರ್ ಇದ್ದರೆ ಅದಕ್ಕೆ ಬೇಕಾದ ನಿಯಮಗಳನ್ನು ಅದರ ಮುಂದೆ ಕುಳಿತೇ ಹಾಕಬಹುದು. ಒಂದು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಅಥವಾ ವಿಶ್ವವಿದ್ಯಾಲಯದಲ್ಲಿ ಸಾವಿರ ಕಂಪ್ಯೂಟರುಗಳಿದ್ದರೆ ಹಾಗೆ ಮಾಡಲು ಸಾಧ್ಯವೇ? ಒಂದೊಂದಕ್ಕೆ ಐದು ನಿಮಿಷ ಎಂದರೂ ಸಾವಿರಕ್ಕೆ 83 ಗಂಟೆ ಬೇಕು. ಆದ್ದರಿಂದ ಎಲ್ಲ ಕಂಪ್ಯೂಟರುಗಳನ್ನೂ ಒಂದು ಆಡಳಿತದ ಕೆಳಗೆ ತರುತ್ತಾರೆ. ವಿಂಡೋಸ್ ಜಾಲದಲ್ಲಿ ಇದಕ್ಕೆ ಡೊಮೈನ್ ಎಂದು ಹೆಸರು. ಈ ಡೊಮೈನಿನ ಯಜಮಾನಿಕೆ ವಹಿಸಿರುವ ಕಂಪ್ಯೂಟರಿಗೆ ಡೊಮೈನ್ ಕಂಟ್ರೋಲರ್ ಎನ್ನುತ್ತಾರೆ. ಯಾರು ಯಾರು ಬಳಕೆದಾರರು, ಯಾವ ಯಾವ ಕಂಪ್ಯೂಟರುಗಳು, ಯಾವ ವಿಭಾಗಕ್ಕೆ ಏನು ನಿಯಮ ಎಂಬ ದೊಡ್ಡ ದಫ್ತರು ಅದರಲ್ಲಿರುತ್ತದೆ. ಆ ದಫ್ತರಿನ ಹೆಸರು ಆಕ್ಟಿವ್ ಡೈರೆಕ್ಟರಿ. ಅಲ್ಲಿಂದ ಹೊರಡುವ ನಿಯಮಗಳ ಕಂತೆಗೆ ಗ್ರೂಪ್ ಪಾಲಿಸಿ ಎಂದು ಹೆಸರು. ಕನ್ನಡದಲ್ಲಿ ಗುಂಪಿನ ನಿಯಮಾವಳಿ ಎನ್ನೋಣ.

ಇದರ ಹಿಂದೆ ಸ್ವಲ್ಪ ಇತಿಹಾಸವಿದೆ. 1996ರಲ್ಲಿ ಬಂದ ವಿಂಡೋಸ್ ಎನ್‌ಟಿ 4ರಲ್ಲಿ ಸಿಸ್ಟಮ್ ಪಾಲಿಸಿ ಎಂಬ ಹಳೆಯ ಏರ್ಪಾಟೊಂದಿತ್ತು. ಅದರ ಒಂದು ದೋಷ ಬಹಳ ಕುಪ್ರಸಿದ್ಧ. ನಿಯಮ ಒಮ್ಮೆ ಕಂಪ್ಯೂಟರಿನ ಒಳಗೆ ಬರೆಯಲ್ಪಟ್ಟರೆ, ಮೂಲದಲ್ಲಿ ಅದನ್ನು ತೆಗೆದುಹಾಕಿದರೂ ಕಂಪ್ಯೂಟರಿನಲ್ಲಿ ಹಾಗೆಯೇ ಉಳಿದುಬಿಡುತ್ತಿತ್ತು. ಈ ವೃತ್ತಿಯವರು ಅದಕ್ಕೆ ‘ಹಚ್ಚೆ ಹಾಕುವುದು’ ಎಂದು ಹೆಸರಿಟ್ಟರು. ಮೈಮೇಲೆ ಹಾಕಿಸಿಕೊಂಡ ಹಚ್ಚೆ ತಿಕ್ಕಿದರೆ ಹೋಗುತ್ತದೆಯೇ? 2000ನೇ ಇಸವಿಯ ಫೆಬ್ರವರಿಯಲ್ಲಿ ವಿಂಡೋಸ್ 2000 ಬಿಡುಗಡೆಯಾದಾಗ ಗ್ರೂಪ್ ಪಾಲಿಸಿ ಬಂತು. ಅದರಲ್ಲಿ ನಿಯಮಗಳನ್ನು ಬರೆಯುವುದಕ್ಕೆಂದೇ ಕಂಪ್ಯೂಟರಿನ ರಿಜಿಸ್ಟ್ರಿಯಲ್ಲಿ ಬೇರೆ ಜಾಗಗಳನ್ನು ಮೀಸಲಿಟ್ಟರು. ಸಾಮಾನ್ಯ ಬಳಕೆದಾರ ಅಲ್ಲಿ ಬರೆಯುವಂತಿಲ್ಲ. ನಿಯಮ ಹೋದರೆ ಆ ಬರಹವೂ ಅಳಿಸಿಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಗ್ರೂಪ್ ಪಾಲಿಸಿಯ ನಿಜವಾದ ಹೆಚ್ಚುಗಾರಿಕೆ ಇದೇ. ನಿಯಮ ಹಾಕುವುದು ಸುಲಭ. ಹಾಕಿದ್ದನ್ನು ಕಲೆ ಉಳಿಯದಂತೆ ತೆಗೆಯುವುದು ಕಷ್ಟ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ನಿಯಮ ತಲುಪುವುದು ಹೇಗೆ? ನಿಮ್ಮ ಶಾಲೆಯಲ್ಲಿ ಸೂಚನಾ ಪುಸ್ತಕ ಹೇಗೆ ಓಡಾಡುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ಮುಖ್ಯೋಪಾಧ್ಯಾಯರು ‘ನಾಳೆ ಅರ್ಧ ದಿನ ರಜೆ’ ಎಂದು ಬರೆದರೆ ಜವಾನರು ಪುಸ್ತಕ ಹಿಡಿದು ತರಗತಿಯಿಂದ ತರಗತಿಗೆ ಹೋಗುತ್ತಾರೆ. ಮೇಷ್ಟ್ರು ಓದಿ ಹೇಳಿ ಸಹಿ ಮಾಡುತ್ತಾರೆ. ಗ್ರೂಪ್ ಪಾಲಿಸಿಯೂ ಹೀಗೇ ಓಡಾಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ಇಲ್ಲಿ ಜವಾನರೇ ಇಲ್ಲ. ಪ್ರತಿ ತರಗತಿಯ ಲೀಡರ್ ಆಗಾಗ ಎದ್ದು ಆಫೀಸಿಗೆ ಹೋಗಿ, ‘ಸಾರ್, ಹೊಸದಾಗಿ ಏನಾದರೂ ಬರೆದಿದ್ದೀರಾ?’ ಎಂದು ಕೇಳಿಕೊಂಡು ಬರಬೇಕು. ಅಂದರೆ ಡೊಮೈನ್ ಕಂಟ್ರೋಲರ್ ತಾನಾಗಿ ಯಾರಿಗೂ ಏನನ್ನೂ ಕಳಿಸುವುದಿಲ್ಲ. ಒಂದೊಂದು ಕಂಪ್ಯೂಟರೂ ತಾನೇ ಹೋಗಿ ಕೇಳುತ್ತದೆ. ಈ ಒಂದು ಅಂಶ ಮನಸ್ಸಿನಲ್ಲಿ ನಿಂತರೆ ಮುಂದಿನದೆಲ್ಲ ಸುಲಭ.

ಕಂಪ್ಯೂಟರ್ ಯಾವಾಗ ಕೇಳುತ್ತದೆ? ಚಾಲೂ ಆದಾಗ ಒಮ್ಮೆ ಕೇಳುತ್ತದೆ. ಅದು ಯಂತ್ರಕ್ಕೆ ಸಂಬಂಧಪಟ್ಟ ನಿಯಮಗಳಿಗಾಗಿ. ನೀವು ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಒಳಗೆ ಬಂದಾಗ ಇನ್ನೊಮ್ಮೆ ಕೇಳುತ್ತದೆ. ಅದು ನಿಮಗೆ, ಅಂದರೆ ಬಳಕೆದಾರರಿಗೆ, ಸಂಬಂಧಪಟ್ಟ ನಿಯಮಗಳಿಗಾಗಿ. ಆಮೇಲೆ ನೀವು ಕೆಲಸ ಮಾಡುತ್ತಿರುವಾಗಲೇ, ನಿಮಗೆ ತಿಳಿಯದಂತೆ, ಸುಮಾರು 90 ನಿಮಿಷಗಳಿಗೊಮ್ಮೆ ಕೇಳುತ್ತಿರುತ್ತದೆ. ಸುಮಾರು ಎಂದೇಕೆ ಹೇಳಿದೆ? ಪ್ರತಿ ಸಲವೂ 90 ನಿಮಿಷಗಳ ಜೊತೆಗೆ ಸೊನ್ನೆಯಿಂದ 30 ನಿಮಿಷಗಳವರೆಗೆ ಚೀಟಿ ಎತ್ತಿದಂತೆ ಒಂದು ಅಂಕಿಯನ್ನು ಸೇರಿಸಿಕೊಳ್ಳುತ್ತದೆ. ಹಾಗಾಗಿ ಒಂದು ಸಲ 94 ನಿಮಿಷ, ಇನ್ನೊಂದು ಸಲ 117 ನಿಮಿಷ, ಹೀಗೆ.

ಈ ಚೀಟಿ ಎತ್ತುವ ಆಟ ಯಾಕೆ ಎಂದು ನೀವು ಕೇಳಬಹುದು. ಒಂದು ದೊಡ್ಡ ಕಚೇರಿಯಲ್ಲಿ ಬೆಳಿಗ್ಗೆ ಕರೆಂಟು ಹೋಗಿ ಒಂಬತ್ತು ಗಂಟೆಗೆ ಬಂತು ಎಂದಿಟ್ಟುಕೊಳ್ಳಿ. 1,200 ಕಂಪ್ಯೂಟರುಗಳು ಒಟ್ಟಿಗೆ ಚಾಲೂ ಆಗುತ್ತವೆ. ಎಲ್ಲವೂ ಗಡಿಯಾರ ನೋಡಿಕೊಂಡು ಸರಿಯಾಗಿ 90 ನಿಮಿಷಕ್ಕೆ ಹೊರಟರೆ, ಹತ್ತೂವರೆಗೆ ಡೊಮೈನ್ ಕಂಟ್ರೋಲರಿನ ಬಾಗಿಲಲ್ಲಿ 1,200 ಜನ ಒಟ್ಟಿಗೆ ನೂಕುನುಗ್ಗಲು ಮಾಡಿದಂತಾಗುತ್ತದೆ. ಹನ್ನೆರಡು ಗಂಟೆಗೆ ಮತ್ತೆ ಅದೇ ನೂಕುನುಗ್ಗಲು. ನಡುವಿನ ಹೊತ್ತೆಲ್ಲ ಅದು ಖಾಲಿ ಕೂತಿರುತ್ತದೆ. ಚೀಟಿ ಎತ್ತುವುದರಿಂದ ಗುಂಪು ಚದುರುತ್ತದೆ. ಕೆಲವು ಸುತ್ತುಗಳಾದ ಮೇಲೆ ಸರಾಸರಿ ನಿಮಿಷಕ್ಕೆ 11 ಅಥವಾ 12 ಕಂಪ್ಯೂಟರುಗಳು ಮಾತ್ರ ಬರುತ್ತವೆ. ಕ್ರಮವಿಲ್ಲದಿರುವುದನ್ನೇ ಕ್ರಮಕ್ಕಾಗಿ ಬಳಸುವ ಈ ಜಾಣತನ ಕಂಪ್ಯೂಟರ್ ಜಾಲಗಳಲ್ಲಿ ಬೇರೆ ಬೇರೆ ಕಡೆಗಳಲ್ಲೂ ಕಾಣಸಿಗುತ್ತದೆ. ಗಣಿತದಲ್ಲಿ ಸಂಭಾವ್ಯತೆಯ ಪಾಠ ಓದುವಾಗ ಇದನ್ನು ಜ್ಞಾಪಿಸಿಕೊಳ್ಳಿ.

ಡೊಮೈನ್ ಕಂಟ್ರೋಲರುಗಳು ಮಾತ್ರ ತಮ್ಮ ನಿಯಮಗಳನ್ನು 5 ನಿಮಿಷಕ್ಕೊಮ್ಮೆ ನೋಡಿಕೊಳ್ಳುತ್ತವೆ. ಈ ಅವಧಿಗಳನ್ನು ಬದಲಾಯಿಸಲೂ ಅವಕಾಶವಿದೆ. 64,800 ನಿಮಿಷ, ಅಂದರೆ 45 ದಿನಗಳವರೆಗೂ ಹಿಗ್ಗಿಸಬಹುದು. ಸೊನ್ನೆ ಎಂದು ಬರೆದರೆ ‘ಕೇಳುವುದೇ ಬೇಡ’ ಎಂದು ಅರ್ಥವಲ್ಲ! ಕಂಪ್ಯೂಟರ್ ಪ್ರತಿ 7 ಸೆಕೆಂಡಿಗೊಮ್ಮೆ ಕೇಳಲು ಹೊರಡುತ್ತದೆ. ಸೊನ್ನೆಗೆ ಇಂಥ ಅರ್ಥ ಕೊಟ್ಟವರ ತರ್ಕ ಏನಿತ್ತೋ!

ಕೇಳಲು ಹೋದ ಕಂಪ್ಯೂಟರ್ ಪ್ರತಿ ಸಲವೂ ನಿಯಮಗಳೆಲ್ಲವನ್ನೂ ಹೊತ್ತು ತರುತ್ತದೆಯೇ? ಇಲ್ಲ. ನಿಯಮದ ಪ್ರತಿಯೊಂದು ಕಂತೆಗೂ ಒಂದು ಆವೃತ್ತಿ ಸಂಖ್ಯೆ ಇರುತ್ತದೆ. ಕಳೆದ ಸಲ ನೋಡಿದ ಸಂಖ್ಯೆಯೇ ಈಗಲೂ ಇದ್ದರೆ ‘ಹೊಸದೇನೂ ಇಲ್ಲ’ ಎಂದು ಕಂಪ್ಯೂಟರ್ ಬರಿಗೈಯಲ್ಲಿ ಹಿಂದಿರುಗುತ್ತದೆ. ಈ ಸಂಖ್ಯೆಯಲ್ಲಿ ಒಂದು ಸೊಗಸಾದ ಲೆಕ್ಕ ಅಡಗಿದೆ. ಅದು ದ್ವಿಮಾನ ಪದ್ಧತಿಯ 32 ಅಂಕಿಗಳ ಒಂದೇ ಸಂಖ್ಯೆ. ಅದರ ಕೆಳಗಿನ 16 ಅಂಕಿಗಳು ಯಂತ್ರದ ನಿಯಮಗಳ ಆವೃತ್ತಿ. ಮೇಲಿನ 16 ಅಂಕಿಗಳು ಬಳಕೆದಾರರ ನಿಯಮಗಳ ಆವೃತ್ತಿ. ಉದಾಹರಣೆಗೆ 1,96,613 ಎಂಬ ಸಂಖ್ಯೆ ಕಂಡಿತು ಎನ್ನಿ. ಅದನ್ನು 65,536ರಿಂದ ಭಾಗಿಸಿ. ಭಾಗಲಬ್ಧ 3, ಶೇಷ 5. ಬಳಕೆದಾರರ ನಿಯಮಗಳ ಆವೃತ್ತಿ 3, ಯಂತ್ರದ ನಿಯಮಗಳ ಆವೃತ್ತಿ 5 ಎಂದು ಅರ್ಥ. ಎರಡು ಲೆಕ್ಕಗಳನ್ನು ಒಂದೇ ಸಂಖ್ಯೆಯಲ್ಲಿ ಇಡುವ ಈ ಉಪಾಯವನ್ನು ನೀವೇ ಕಾಗದದ ಮೇಲೆ ಮಾಡಿ ನೋಡಿ. ದ್ವಿಮಾನ ಪದ್ಧತಿಯನ್ನು ಯಾಕೆ ಕಲಿಸುತ್ತಾರೆ ಎಂಬ ಪ್ರಶ್ನೆಗೂ ಸ್ವಲ್ಪ ಉತ್ತರ ಸಿಕ್ಕೀತು.

ಇನ್ನು 2021ರ ಕಥೆ. ಆ ವರ್ಷದ ಜೂನ್ ಕೊನೆಯಲ್ಲಿ ವಿಂಡೋಸಿನ ಮುದ್ರಣ ವ್ಯವಸ್ಥೆಯಲ್ಲಿ ಒಂದು ದೊಡ್ಡ ತೂತು ಇರುವುದು ಬಹಿರಂಗವಾಯಿತು. ಮುದ್ರಿಸಬೇಕಾದ ಕಾಗದಗಳನ್ನು ಸಾಲಾಗಿ ನಿಲ್ಲಿಸಿ ಪ್ರಿಂಟರಿಗೆ ಕಳಿಸುವ ಪ್ರಿಂಟ್ ಸ್ಪೂಲರ್ ಎಂಬ ಭಾಗ ಒಂದಿದೆ. ಜಾಲದೊಳಗೆ ಒಂದು ಸಾಮಾನ್ಯ ಬಳಕೆದಾರನ ಖಾತೆ ಸಿಕ್ಕರೂ ಸಾಕು, ಆ ಭಾಗದ ಮೂಲಕ ದೂರದಿಂದಲೇ ನುಗ್ಗಿ ಇಡೀ ಕಂಪ್ಯೂಟರನ್ನು ವಶ ಮಾಡಿಕೊಳ್ಳಬಹುದಾಗಿತ್ತು. ಅದನ್ನು ಮಾಡುವ ವಿಧಾನವೂ ಹೊರಗೆ ಬಿದ್ದಿತ್ತು. ಈ ತೂತಿಗೆ ‘ಪ್ರಿಂಟ್‌ನೈಟ್‌ಮೇರ್’, ಅಂದರೆ ಮುದ್ರಣದ ದುಃಸ್ವಪ್ನ ಎಂದು ಹೆಸರು ಬಿತ್ತು. ಸ್ಪೂಲರ್ ಭಾಗ ಡೊಮೈನ್ ಕಂಟ್ರೋಲರುಗಳಲ್ಲೂ ಮೊದಲಿನಿಂದಲೇ ಚಾಲನೆಯಲ್ಲಿರುತ್ತದೆ. ಡೊಮೈನ್ ಕಂಟ್ರೋಲರ್ ಕಳ್ಳನ ಕೈಗೆ ಸಿಕ್ಕರೆ ಮನೆಯ ಬೀಗದ ಕೈ ಗೊಂಚಲೇ ಸಿಕ್ಕಂತೆ.

ತೂತು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಜುಲೈ 6ರಿಂದ ಬಿಡುಗಡೆ ಮಾಡತೊಡಗಿತು. ಅದಕ್ಕೆ ಮೊದಲು, ಜುಲೈ 1ರಂದು ಪ್ರಕಟಿಸಿದ ಎಚ್ಚರಿಕೆಯಲ್ಲಿ ತಾತ್ಕಾಲಿಕ ಉಪಾಯಗಳನ್ನು ಕೊಟ್ಟಿತ್ತು. ಒಂದು, ಸ್ಪೂಲರನ್ನೇ ನಿಲ್ಲಿಸಿಬಿಡುವುದು. ಆಗ ಮುದ್ರಣವೇ ನಿಲ್ಲುತ್ತದೆ. ಇನ್ನೊಂದು, ಗ್ರೂಪ್ ಪಾಲಿಸಿಯ ಮೂಲಕ ‘ಹೊರಗಿನಿಂದ ಬರುವ ಮುದ್ರಣದ ಕೋರಿಕೆಗಳನ್ನು ಸ್ವೀಕರಿಸಬೇಡ’ ಎಂದು ನಿಯಮ ಹಾಕುವುದು. ಆಗ ಕಂಪ್ಯೂಟರಿಗೇ ಜೋಡಿಸಿದ ಪ್ರಿಂಟರ್ ಕೆಲಸ ಮಾಡುತ್ತದೆ, ದೂರದವರಿಗೆ ಬಾಗಿಲು ಮುಚ್ಚುತ್ತದೆ. ಈ ಎರಡನೆಯ ದಾರಿ ಹಿಡಿದವರ ಸ್ಥಿತಿಯನ್ನು ಯೋಚಿಸಿ ನೋಡಿ. ನಿಯಮ ಬರೆದಾಯಿತು. ಸಾವಿರ ಕಂಪ್ಯೂಟರುಗಳು ಅದನ್ನು ಓದಲು ಹೆಚ್ಚೆಂದರೆ ಎರಡು ಗಂಟೆ. ಬೇರೆ ದಿನಗಳಲ್ಲಿ ಎರಡು ಗಂಟೆ ಏನೂ ಅಲ್ಲ. ಬಾಗಿಲು ತೆರೆದಿದೆ ಎಂದು ಊರಿಗೆಲ್ಲ ಗೊತ್ತಾದ ದಿನ ಅದು ಬಹಳ ದೀರ್ಘ. ಸಾಲದ್ದಕ್ಕೆ, ನಿಯಮ ತಲುಪಿದ ಮಾತ್ರಕ್ಕೆ ಸ್ಪೂಲರ್ ಅದನ್ನು ಗಮನಿಸುತ್ತಿರಲಿಲ್ಲ. ಅದನ್ನು ಒಮ್ಮೆ ನಿಲ್ಲಿಸಿ ಮತ್ತೆ ಚಾಲೂ ಮಾಡಬೇಕು ಎಂದು ಆ ಎಚ್ಚರಿಕೆಯಲ್ಲೇ ಬರೆದಿತ್ತು. ಆ ಸಾಲನ್ನು ಓದದೆ ಬಿಟ್ಟವರು ಬಾಗಿಲು ಹಾಕಿದ್ದೇವೆ ಎಂದು ನಂಬಿಕೊಂಡು ತೆರೆದ ಬಾಗಿಲಿನ ಮನೆಯಲ್ಲೇ ಮಲಗಿದಂತೆ.

ಇಂಥ ಸಂದರ್ಭಕ್ಕೆ ಇರುವುದೇ ನಾನು ಹೇಳಹೊರಟ ಆಜ್ಞೆ. ಅದರ ಹೆಸರು ಜಿಪಿಅಪ್‌ಡೇಟ್. ಇಂಗ್ಲಿಷಿನ ಎಂಟು ಅಕ್ಷರಗಳು, ನಡುವೆ ಜಾಗ ಬಿಡದೆ ಒಂದೇ ಪದ. ವಿಂಡೋಸ್ 2000ದಲ್ಲಿ ಇದೇ ಕೆಲಸಕ್ಕೆ ಸೆಸ್‌ಎಡಿಟ್ ಎಂಬ ಇನ್ನೊಂದು ಆಜ್ಞೆಯನ್ನು ಉದ್ದವಾದ ಬಾಲದೊಂದಿಗೆ ಬರೆಯಬೇಕಾಗಿತ್ತು. ಯಂತ್ರಕ್ಕೆ ಒಂದು ಸಲ, ಬಳಕೆದಾರರಿಗೆ ಇನ್ನೊಂದು ಸಲ. 2001ರ ಅಕ್ಟೋಬರಿನಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಈ ಚಿಕ್ಕ ಆಜ್ಞೆ ಬಂತು. ವಿಂಡೋಸ್ ಗುರುತಿರುವ ಕೀಲಿಯನ್ನು ಒತ್ತಿ ಹಿಡಿದು ಆರ್ ಅಕ್ಷರ ಒತ್ತಿದರೆ ಒಂದು ಸಣ್ಣ ಕಿಟಕಿ ತೆರೆಯುತ್ತದೆ. ಅದರಲ್ಲಿ ಸಿ, ಎಂ, ಡಿ ಎಂದು ಬರೆದು ಎಂಟರ್ ಒತ್ತಿದರೆ ಕಪ್ಪು ಪರದೆ ಬರುತ್ತದೆ. ಚಿತ್ರಗಳಿಲ್ಲ, ಗುಂಡಿಗಳಿಲ್ಲ, ನೀವು ಬರೆಯುತ್ತೀರಿ, ಅದು ಉತ್ತರ ಕೊಡುತ್ತದೆ. ಅಲ್ಲಿ ಜಿಪಿಅಪ್‌ಡೇಟ್ ಎಂದು ಬರೆದರೆ ಕಂಪ್ಯೂಟರ್ ತನ್ನ 90 ನಿಮಿಷಗಳ ಸರದಿಗೆ ಕಾಯದೆ ಆಗಲೇ ಎದ್ದು ಹೋಗಿ ಕೇಳಿಕೊಂಡು ಬರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಎರಡು ಸಾಲುಗಳು ಕಾಣುತ್ತವೆ: ಯಂತ್ರದ ನಿಯಮಗಳ ನವೀಕರಣ ಯಶಸ್ವಿಯಾಗಿ ಮುಗಿಯಿತು, ಬಳಕೆದಾರರ ನಿಯಮಗಳ ನವೀಕರಣ ಯಶಸ್ವಿಯಾಗಿ ಮುಗಿಯಿತು.

ಆಜ್ಞೆಯ ಮುಂದೆ ಓರೆಗೆರೆ ಹಾಕಿ ಕೆಲವು ಮಾತುಗಳನ್ನು ಸೇರಿಸಬಹುದು. ‘/ಟಾರ್ಗೆಟ್’ ಎಂದು ಬರೆದು ಯಂತ್ರದ ನಿಯಮ ಮಾತ್ರ ಅಥವಾ ಬಳಕೆದಾರರ ನಿಯಮ ಮಾತ್ರ ಸಾಕು ಎನ್ನಬಹುದು. ‘/ವೇಟ್’ ಎಂದರೆ ಎಷ್ಟು ಸೆಕೆಂಡು ಕಾಯಬೇಕು ಎಂಬುದು. ಏನೂ ಹೇಳದಿದ್ದರೆ 600 ಸೆಕೆಂಡು ಕಾಯುತ್ತದೆ. ಇವೆಲ್ಲ ಪುಸ್ತಕ ನೋಡಿ ತಿಳಿಯಬಹುದಾದವು. ನಿಂತು ನೋಡಬೇಕಾದದ್ದು ‘/ಫೋರ್ಸ್’ ಎಂಬುದು.

ಬರೀ ಜಿಪಿಅಪ್‌ಡೇಟ್ ಎಂದರೆ ಬದಲಾದ ನಿಯಮಗಳನ್ನು ಮಾತ್ರ ತಂದು ಜಾರಿ ಮಾಡುತ್ತದೆ. ಆವೃತ್ತಿ ಸಂಖ್ಯೆಯ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ‘/ಫೋರ್ಸ್’ ಎಂದರೆ, ಬದಲಾಗಿರಲಿ ಬಿಡಲಿ, ಇರುವ ನಿಯಮಗಳೆಲ್ಲವನ್ನೂ ಮೊದಲಿನಿಂದ ಮತ್ತೆ ಜಾರಿ ಮಾಡು ಎಂದರ್ಥ. ಯಾರೋ ಕಂಪ್ಯೂಟರಿನ ಒಳಗೆ ಕೈಹಾಕಿ ಒಂದು ನಿಯಮವನ್ನು ಕೆಡಿಸಿದ್ದಾರೆ ಎನ್ನಿ. ಮೂಲದಲ್ಲಿ ಆವೃತ್ತಿ ಸಂಖ್ಯೆ ಬದಲಾಗಿಲ್ಲವಾದ್ದರಿಂದ ಬರೀ ಆಜ್ಞೆ ‘ಎಲ್ಲ ಸರಿಯಾಗಿದೆ’ ಎಂದು ಬಂದುಬಿಡುತ್ತದೆ. ಆಗ ‘/ಫೋರ್ಸ್’ ಬೇಕು. ಭದ್ರತೆಗೆ ಸಂಬಂಧಿಸಿದ ನಿಯಮಗಳನ್ನು ಮಾತ್ರ, ಬದಲಾಗದಿದ್ದರೂ, 16 ಗಂಟೆಗಳಿಗೊಮ್ಮೆ ವಿಂಡೋಸ್ ತಾನೇ ಮತ್ತೆ ಹಾಕುತ್ತದೆ. ಉಳಿದವಕ್ಕೆ ಆ ಕಾಳಜಿ ಇಲ್ಲ. ಇಷ್ಟಾದರೂ ಪ್ರತಿಯೊಂದಕ್ಕೂ ‘/ಫೋರ್ಸ್’ ಬರೆಯುವ ಚಾಳಿ ಈ ವೃತ್ತಿಯಲ್ಲಿ ಬಹಳ ಜನರಿಗಿದೆ. ತಲೆನೋವಿಗೂ ಹೊಟ್ಟೆನೋವಿಗೂ ಒಂದೇ ಮಾತ್ರೆ ನುಂಗುವವರ ಹಾಗೆ. ನನಗೆ ಇದು ಒಪ್ಪಿಗೆಯಾಗದ ಅಭ್ಯಾಸ. ಸಾವಿರ ಕಂಪ್ಯೂಟರುಗಳು ಒಂದೇ ಸಲ ನಿಯಮಗಳೆಲ್ಲವನ್ನೂ ಹೊರಲು ಬಂದರೆ, ಚೀಟಿ ಎತ್ತಿ ಚದುರಿಸಿದ ಗುಂಪನ್ನು ನಾವೇ ಕೈಯಾರೆ ಮತ್ತೆ ಬಾಗಿಲಿಗೆ ಕರೆತಂದಂತೆ.

ಇನ್ನೂ ಒಂದು ಅಪಾಯವಿದೆ. ಕೆಲವು ನಿಯಮಗಳನ್ನು ನೀವು ಕೆಲಸ ಮಾಡುತ್ತಿರುವಾಗ ಜಾರಿ ಮಾಡಲು ಬರುವುದಿಲ್ಲ. ಹೊಸ ತಂತ್ರಾಂಶವನ್ನು ತಾನಾಗಿ ಸ್ಥಾಪಿಸುವ ನಿಯಮ, ನಿಮ್ಮ ಕಡತಗಳ ಕೋಶವನ್ನು ಬೇರೆ ಕಂಪ್ಯೂಟರಿಗೆ ತಿರುಗಿಸುವ ನಿಯಮ, ಇಂಥವು. ಓಡುತ್ತಿರುವ ಬಸ್ಸಿನ ಚಕ್ರ ಬದಲಾಯಿಸಲು ಆಗುತ್ತದೆಯೇ? ಇವಕ್ಕೆ ಬಳಕೆದಾರ ಹೊರಗೆ ಹೋಗಿ ಮತ್ತೆ ಒಳಗೆ ಬರಬೇಕು, ಇಲ್ಲವೇ ಕಂಪ್ಯೂಟರನ್ನೇ ಆರಿಸಿ ಹೊತ್ತಿಸಬೇಕು. ಅಂಥ ನಿಯಮ ಬಾಕಿ ಇದ್ದರೆ ಕಪ್ಪು ಪರದೆಯ ಮೇಲೆ ‘ಈಗ ಹೊರಗೆ ಹೋಗಬಹುದೇ? ಹೌದು ಅಥವಾ ಇಲ್ಲ’ ಎಂಬ ಪ್ರಶ್ನೆ ಬರುತ್ತದೆ. ಓದದೆ ‘ಹೌದು’ ಒತ್ತಿದರೆ ಮುಗಿಯಿತು. ‘/ಲಾಗಾಫ್’ ಅಥವಾ ‘/ಬೂಟ್’ ಎಂದು ಮೊದಲೇ ಸೇರಿಸಿದ್ದರಂತೂ ಅಗತ್ಯವಿದ್ದಾಗ ಕೇಳದೆಯೇ ಮಾಡಿಬಿಡುತ್ತದೆ. ಪ್ರಾಯೋಗಿಕ ಪರೀಕ್ಷೆ ನಡೆಯುತ್ತಿರುವ ಕೋಣೆಯಲ್ಲಿ ನಲವತ್ತು ಕಂಪ್ಯೂಟರುಗಳಿಗೆ ಯಾರಾದರೂ ಇದನ್ನು ಕೊಟ್ಟರೆ ಏನಾದೀತು ಎಂದು ಯೋಚಿಸಿ. ಎರಡು ಗಂಟೆ ಕುಳಿತು ಬರೆದ ಪ್ರೋಗ್ರಾಮನ್ನು ಉಳಿಸಿಕೊಳ್ಳದ ಹುಡುಗಿಯ ಮುಂದೆ ಬರೀ ನೀಲಿ ಪರದೆ ಉಳಿಯುತ್ತದೆ. ಆಜ್ಞೆಯನ್ನು ಟೈಪು ಮಾಡಲು ಐದು ಸೆಕೆಂಡು ಸಾಕು. ಆ ಕಡೆ ಕುಳಿತವರು ಈಗ ಏನು ಮಾಡುತ್ತಿದ್ದಾರೆ ಎಂದು ವಿಚಾರಿಸಲು ಐದು ನಿಮಿಷ ಬೇಕು, ಆ ಐದು ನಿಮಿಷವನ್ನು ಉಳಿಸಬಾರದು.

ಪ್ರತಿ ಕಂಪ್ಯೂಟರಿನ ಮುಂದೆಯೂ ಹೋಗಿ ಕೂರಬೇಕೇ? ಬಹಳ ವರ್ಷ ಹಾಗೆಯೇ ಇತ್ತು, ಅಥವಾ ಬೇರೆ ಉಪಕರಣಗಳ ಸಹಾಯ ಪಡೆಯಬೇಕಾಗಿತ್ತು. 2012ರ ವಿಂಡೋಸ್ ಸರ್ವರ್ ಬಂದ ಮೇಲೆ ಇನ್ವೋಕ್-ಜಿಪಿಅಪ್‌ಡೇಟ್ ಎಂಬ ಆಜ್ಞೆಯಿಂದ ಕುಳಿತಲ್ಲಿಂದಲೇ ದೂರದ ಕಂಪ್ಯೂಟರಿಗೆ ‘ಈಗ ಹೋಗಿ ಕೇಳಿಕೊಂಡು ಬಾ’ ಎಂದು ಹೇಳುವ ಅನುಕೂಲವಾಯಿತು. ಇಲ್ಲಿಯೂ ನಿಯಮವನ್ನು ತಳ್ಳುವುದಿಲ್ಲ. ಕೇಳಿಕೊಂಡು ಬರುವ ಕೆಲಸವನ್ನು ಆ ಕಂಪ್ಯೂಟರಿನ ಕಾರ್ಯಪಟ್ಟಿಯಲ್ಲಿ ಬರೆದಿಡುತ್ತದೆ, ಅಷ್ಟೆ. ಇಲ್ಲಿಯೂ ಚೀಟಿ ಎತ್ತುವ ಆಟ ಉಂಟು. ನಾವು ಬೇರೆ ಹೇಳದಿದ್ದರೆ ಹತ್ತು ನಿಮಿಷಗಳೊಳಗೆ ಯಾವಾಗಲಾದರೂ ಒಮ್ಮೆ ಆ ಕೆಲಸ ನಡೆಯುತ್ತದೆ.

ಈಗ ಒಂದು ಮುಖ್ಯ ಎಚ್ಚರಿಕೆ. ‘ಯಶಸ್ವಿಯಾಗಿ ಮುಗಿಯಿತು’ ಎಂಬ ಸಾಲು ಬಂದರೆ ನೀವು ಬರೆದ ನಿಯಮ ಜಾರಿಯಾಯಿತು ಎಂದು ತಿಳಿಯಬೇಡಿ. ಕೇಳಿಕೊಂಡು ಬರುವ ಕೆಲಸ ಮುಗಿಯಿತು ಎಂದಷ್ಟೇ ಅದರ ಅರ್ಥ. 2016ರ ಜೂನಿನಲ್ಲಿ ಮೈಕ್ರೋಸಾಫ್ಟ್ ಭದ್ರತೆಯ ಕಾರಣಕ್ಕೆ ಒಂದು ತಿದ್ದುಪಡಿ ಬಿಟ್ಟಿತು. ಅಲ್ಲಿಯವರೆಗೆ ಬಳಕೆದಾರರ ನಿಯಮಗಳನ್ನು ಬಳಕೆದಾರರ ಹೆಸರಿನಲ್ಲಿ ಹೋಗಿ ತರಲಾಗುತ್ತಿತ್ತು. ತಿದ್ದುಪಡಿಯ ನಂತರ ಕಂಪ್ಯೂಟರಿನ ಹೆಸರಿನಲ್ಲಿ ಹೋಗಿ ತರುವಂತಾಯಿತು. ಅನೇಕ ಕಡೆಗಳಲ್ಲಿ ಕೆಲವು ನಿಯಮಗಳನ್ನು ಓದುವ ಅನುಮತಿ ನಿರ್ದಿಷ್ಟ ಬಳಕೆದಾರರಿಗೆ ಮಾತ್ರ ಇತ್ತು, ಕಂಪ್ಯೂಟರುಗಳಿಗೆ ಇರಲಿಲ್ಲ. ತಿದ್ದುಪಡಿ ಬಂದ ಮರುದಿನ ಅಂಥ ನಿಯಮಗಳು ಸದ್ದಿಲ್ಲದೆ ಮಾಯವಾದವು. ಎಷ್ಟು ಸಲ ಜಿಪಿಅಪ್‌ಡೇಟ್ ಒತ್ತಿದರೇನು? ಓದಲು ಅನುಮತಿ ಇಲ್ಲದ ಪುಸ್ತಕವನ್ನು ಕೇಳುವವನಿಗೆ ಅದು ಇದೆಯೆಂದೇ ಕಾಣುವುದಿಲ್ಲ. ಓದುವ ಅನುಮತಿಯನ್ನು ಕಂಪ್ಯೂಟರುಗಳಿಗೂ ಕೊಟ್ಟ ಮೇಲೆ ಸರಿಹೋಯಿತು.

ಆದ್ದರಿಂದ ಜಿಪಿಅಪ್‌ಡೇಟಿಗೆ ಒಬ್ಬ ಜೊತೆಗಾರನಿದ್ದಾನೆ. ಅವನ ಹೆಸರು ಜಿಪಿರಿಸಲ್ಟ್. ‘ಜಿಪಿರಿಸಲ್ಟ್ /ಆರ್’ ಎಂದು ಬರೆದರೆ ಈ ಕಂಪ್ಯೂಟರಿಗೆ, ಈ ಬಳಕೆದಾರರಿಗೆ ನಿಜವಾಗಿ ಯಾವ ಯಾವ ಕಂತೆಗಳು ಅನ್ವಯವಾಗಿವೆ, ಯಾವುವು ತಿರಸ್ಕಾರಗೊಂಡಿವೆ, ಯಾವ ಕಾರಣಕ್ಕೆ ಎಂಬುದನ್ನು ಪಟ್ಟಿ ಮಾಡುತ್ತದೆ. ಯಂತ್ರದ ನಿಯಮಗಳೂ ಕಾಣಬೇಕಾದರೆ ಕಪ್ಪು ಪರದೆಯನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ತೆರೆಯಬೇಕು. ಒಂದೇ ವಿಷಯಕ್ಕೆ ಎರಡು ನಿಯಮಗಳು ಪರಸ್ಪರ ವಿರುದ್ಧವಾಗಿದ್ದರೆ ಗೆಲ್ಲುವುದು ಯಾವುದು? ಮೊದಲು ಆ ಕಂಪ್ಯೂಟರಿನದೇ ಸ್ವಂತ ನಿಯಮ, ಆಮೇಲೆ ಆ ಸ್ಥಳದ್ದು, ಆಮೇಲೆ ಡೊಮೈನಿನದು, ಕಡೆಗೆ ವಿಭಾಗದ್ದು ಎಂಬ ಕ್ರಮದಲ್ಲಿ ಒಂದರ ಮೇಲೊಂದು ಬರೆಯಲಾಗುತ್ತದೆ. ಸಾಮಾನ್ಯವಾಗಿ ಕೊನೆಗೆ ಬರೆದದ್ದೇ ಉಳಿಯುತ್ತದೆ. ನಿಮಗೆ ಹತ್ತಿರವಿರುವವರ ಮಾತು ಕೊನೆಯ ಮಾತು ಎಂದಾಯಿತು. ‘ಇದನ್ನು ಯಾರೂ ಮೀರುವಂತಿಲ್ಲ’ ಎಂದು ಮೇಲಿನವರು ಮುದ್ರೆ ಒತ್ತಲು ಅವಕಾಶವಿದೆ. ಆಗ ಮಾತ್ರ ಈ ಕ್ರಮ ತಿರುಗುಮುರುಗಾಗುತ್ತದೆ.

ಕೆಲವೊಮ್ಮೆ ಯಶಸ್ಸಿನ ಸಾಲೇ ಬರದೆ ದೋಷದ ಸೂಚನೆ ಬರಬಹುದು. ಹೊಸಬರು ಆಗ ನಿಯಮವನ್ನೇ ತಿದ್ದಲು ಹೊರಡುತ್ತಾರೆ. ದೋಷ ಬಹಳ ಸಲ ಇನ್ನೂ ಕೆಳಗಿರುತ್ತದೆ. ಡೊಮೈನ್ ಕಂಟ್ರೋಲರ್ ಎಲ್ಲಿದೆ ಎಂಬ ವಿಳಾಸವನ್ನು ಹೇಳುವ ಡಿಎನ್‌ಎಸ್ ವ್ಯವಸ್ಥೆ ತಪ್ಪಾಗಿದ್ದರೆ ಕಂಪ್ಯೂಟರಿಗೆ ಆಫೀಸಿನ ಬಾಗಿಲೇ ಗೊತ್ತಾಗುವುದಿಲ್ಲ. ಅದು ಸರಿಯಿದ್ದರೂ ಗಡಿಯಾರ ತಪ್ಪಿರಬಹುದು. ಕಂಪ್ಯೂಟರ್ ತನ್ನ ಗುರುತು ಹೇಳಿಕೊಳ್ಳಲು ಬಳಸುವ ಕರ್ಬೆರೋಸ್ ಎಂಬ ಪದ್ಧತಿಯಲ್ಲಿ ಎರಡೂ ಕಡೆಯ ಗಡಿಯಾರಗಳ ನಡುವೆ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿರಬಾರದು ಎಂಬ ಕಟ್ಟಳೆ ಸಾಮಾನ್ಯವಾಗಿ ಇರುತ್ತದೆ. ಮದರ್‌ಬೋರ್ಡಿನ ಮೇಲಿನ ರೂಪಾಯಿ ಬಿಲ್ಲೆಯಷ್ಟು ಬ್ಯಾಟರಿ ಸತ್ತು ಗಡಿಯಾರ ಹಿಂದೆ ಬಿದ್ದದ್ದಕ್ಕೆ ಹೊಸ ನಿಯಮ ತಲುಪದೆ ಹೋಗಬಹುದು ಎಂದರೆ ನೀವು ನಗಬಹುದು. ಆದರೆ ಅದು ನಿಜ.

2020ರಲ್ಲಿ ಕೊರೊನಾ ಕಾಲದಲ್ಲಿ ಬೆಂಗಳೂರಿನ ಕಂಪನಿಗಳ ಉದ್ಯೋಗಿಗಳು ಕಂಪ್ಯೂಟರುಗಳನ್ನು ಮನೆಗೆ, ಹಳ್ಳಿಗೆ ತೆಗೆದುಕೊಂಡು ಹೋದರು. ನಿಮ್ಮ ಅಣ್ಣನೋ ಅಕ್ಕನೋ ಹಜಾರದ ಮೂಲೆಯಲ್ಲಿ ಕುಳಿತು ಕೆಲಸ ಮಾಡಿದ್ದನ್ನು ನೋಡಿರುತ್ತೀರಿ. ಡೊಮೈನ್ ಕಂಟ್ರೋಲರ್ ಕಚೇರಿಯ ಒಳಗಿತ್ತು. ಕಂಪ್ಯೂಟರ್ ತೀರ್ಥಹಳ್ಳಿಯಲ್ಲೋ ಸಿಂದಗಿಯಲ್ಲೋ ಇತ್ತು. ಕಚೇರಿಯ ಜಾಲಕ್ಕೆ ಸುರಂಗ ಕೊರೆಯುವ ವಿಪಿಎನ್ ಜೋಡಿಸಿಕೊಳ್ಳುವವರೆಗೆ ಆ ಕಂಪ್ಯೂಟರ್ ಯಾರನ್ನು ಕೇಳಬೇಕು? ಹಳೆಯ ನಿಯಮಗಳನ್ನೇ ಪಾಲಿಸುತ್ತಿರುತ್ತದೆ. ಇಂಥ ಕಡೆ ವಿಪಿಎನ್ ಜೋಡಣೆಯಾದ ಮೇಲೆ ಒಮ್ಮೆ ಜಿಪಿಅಪ್‌ಡೇಟ್ ಎಂದು ಬರೆಯುವುದು ಒಳ್ಳೆಯ ಅಭ್ಯಾಸ. ಜೋಡಣೆ ಎಷ್ಟು ಹೊತ್ತು ನಿಲ್ಲುತ್ತದೋ ಯಾರಿಗೆ ಗೊತ್ತು.

ವಿಂಡೋಸಿಗೆ ಮಾತ್ರ ಈ ಪ್ರಶ್ನೆ ಇದೆ ಎಂದು ತಿಳಿಯಬೇಡಿ. ಕೆಲಸ ನಿಲ್ಲಿಸದೆ ಹೊಸ ನಿಯಮ ಓದಿಸುವುದು ಹೇಗೆ ಎಂಬ ಸಮಸ್ಯೆ ಯುನಿಕ್ಸ್ ಕಾಲದಿಂದಲೂ ಇದೆ. ಅಲ್ಲಿ ‘ಹಪ್’ ಎಂಬ ಒಂದು ಸಂಕೇತ ಉಂಟು. ಅದರ ಸಂಖ್ಯೆ 1. ಮೂಲದಲ್ಲಿ ಅದು ಹ್ಯಾಂಗಪ್, ಅಂದರೆ ಫೋನು ಕೆಳಗಿಟ್ಟರು ಎಂಬ ಸುದ್ದಿ. ಟೆಲಿಫೋನ್ ತಂತಿಯ ಮೂಲಕ ಕಂಪ್ಯೂಟರಿಗೆ ಸೇರಿಕೊಳ್ಳುತ್ತಿದ್ದ ದಿನಗಳಲ್ಲಿ ಆ ಕಡೆಯವರು ಲೈನ್ ಕಡಿದರೆ ಪ್ರೋಗ್ರಾಮಿಗೆ ಈ ಸಂಕೇತ ಹೋಗುತ್ತಿತ್ತು. ತೆರೆಮರೆಯಲ್ಲಿ ಹಗಲಿರುಳು ಓಡುವ ಪ್ರೋಗ್ರಾಮುಗಳಿಗೆ ಫೋನೂ ಇಲ್ಲ, ಲೈನೂ ಇಲ್ಲ. ಹಾಗಾಗಿ ಅವಕ್ಕೆ ಈ ಸಂಕೇತ ಬಂದರೆ ‘ನಿನ್ನ ನಿಯಮಗಳ ಕಡತವನ್ನು ಮತ್ತೊಮ್ಮೆ ಓದಿಕೋ’ ಎಂದು ಅರ್ಥ ಮಾಡಿಕೊಳ್ಳುವ ರೂಢಿ ಬೆಳೆಯಿತು. ಹಳೆಯ ಮನೆಯ ದನದ ಕೊಟ್ಟಿಗೆಯನ್ನು ಓದುವ ಕೋಣೆ ಮಾಡಿಕೊಂಡ ಹಾಗೆ. ಲಿನಕ್ಸ್ ಕಂಪ್ಯೂಟರುಗಳಲ್ಲಿ ಅನೇಕ ಪ್ರೋಗ್ರಾಮುಗಳು ಇಂದಿಗೂ ಈ ರೂಢಿಯನ್ನು ಪಾಲಿಸುತ್ತವೆ.

ಇಷ್ಟು ಕೇಳಿದ ಮೇಲೆ ಮಾಡಿ ನೋಡುವ ಆಸೆ ನಿಮಗೆ ಹುಟ್ಟಿದ್ದರೆ ಸಂತೋಷ. ಮನೆಯ ಕಂಪ್ಯೂಟರಿನಲ್ಲಿ ವಿಂಡೋಸಿನ ಹೋಮ್ ಆವೃತ್ತಿ ಇದ್ದರೆ ನಿಯಮಗಳನ್ನು ತಿದ್ದುವ ಜಿಪಿಎಡಿಟ್ ಎಂಬ ಉಪಕರಣ ಅದರಲ್ಲಿ ಇರುವುದಿಲ್ಲ. ಪ್ರೊ ಆವೃತ್ತಿಯಲ್ಲಿ ಇರುತ್ತದೆ. ಪ್ರೊ ಇದ್ದವರು ಮನೆಯವರನ್ನು ಕೇಳಿ, ನಿರುಪದ್ರವಿಯಾದ ಒಂದು ನಿಯಮವನ್ನು, ಹಿನ್ನೆಲೆ ಚಿತ್ರ ಬದಲಾಗಬಾರದು ಎಂಬಂಥದ್ದನ್ನು, ಬದಲಾಯಿಸಿ ನೋಡಬಹುದು. ಆಮೇಲೆ ಅದನ್ನು ಹಿಂದಕ್ಕೆ ಪಡೆದು, ಕಪ್ಪು ಪರದೆಯಲ್ಲಿ ಆಜ್ಞೆ ಕೊಟ್ಟು, ಹಚ್ಚೆ ಉಳಿದಿದೆಯೋ ಅಳಿಸಿದೆಯೋ ಪರೀಕ್ಷಿಸಿ. ಕಾಲೇಜಿನ ಪ್ರಯೋಗಾಲಯದಲ್ಲಾದರೆ ಮೊದಲು ನಿಮ್ಮ ಅಧ್ಯಾಪಕರ ಅನುಮತಿ ಪಡೆದು ‘ಜಿಪಿರಿಸಲ್ಟ್ /ಆರ್’ ಎಂಬುದನ್ನು ಮಾತ್ರ ಬರೆಯಿರಿ. ಅದು ಏನನ್ನೂ ಬದಲಾಯಿಸುವುದಿಲ್ಲ; ಓದಿ ಹೇಳುತ್ತದೆ. ನಿಮ್ಮ ಹೆಸರಿನ ಕೆಳಗೆ ಯಾವ ಯಾವ ನಿಯಮಗಳ ಕಂತೆಗಳಿವೆ, ಅವು ಕಡೆಯ ಬಾರಿ ಜಾರಿಯಾದದ್ದು ಎಷ್ಟು ಗಂಟೆಗೆ, ಯಾವ ಡೊಮೈನ್ ಕಂಟ್ರೋಲರಿನಿಂದ ಎಂಬುದೆಲ್ಲ ಅದರಲ್ಲಿರುತ್ತದೆ. ಗಂಟೆಯನ್ನು ಗುರುತು ಹಾಕಿಕೊಂಡು ಎರಡು ಗಂಟೆ ಬಿಟ್ಟು ಮತ್ತೊಮ್ಮೆ ಬರೆದು ನೋಡಿ, ನಡುವೆ ಎಷ್ಟು ನಿಮಿಷ ಕಳೆದಿದೆ ಎಂದು ಲೆಕ್ಕ ಹಾಕಿ. ಸಾಮಾನ್ಯವಾಗಿ 90ಕ್ಕೂ 120ಕ್ಕೂ ನಡುವಿನ ಒಂದು ಸಂಖ್ಯೆ ಬರಬೇಕು.